ಹಿತ್ತಲಲ್ಲಿ ಸಿಕ್ಕ ಮನೆ

ಆರು ಮಕ್ಕಳ ಸಂಸಾರ. ಇರುವ ಹಳೆಯ ಮನೆಯನ್ನು ಕೆಡವಿ ಅದೇ ನಿವೇಶನದಲ್ಲಿ ಹೊಸದನ್ನು ಕಟ್ಟಬೇಕು. ಅದು ಮುಗಿಯುವವರೆಗೆ ಎಲ್ಲರೂ ಎಲ್ಲಿರುವುದು? 1960ರ ದಶಕದ ಮೊದಲ ವರ್ಷಗಳಲ್ಲಿ, ಉತ್ತರ ಲಂಡನ್ನಿನ ಹೈಗೇಟ್‌ನಲ್ಲಿ ವಾಲ್ಟರ್ ಸೀಗಲ್ ಎಂಬ ವಾಸ್ತುಶಿಲ್ಪಿ ಮತ್ತು ಅವರ ಹೆಂಡತಿ ಮೊರಾನ್ ಸ್ಕಾಟ್ ಈ ಪ್ರಶ್ನೆ ಬಿಡಿಸುತ್ತ ಕೂತಿದ್ದರು. ಬಾಡಿಗೆ ಮನೆ ಹಿಡಿಯಬಹುದಿತ್ತು. ಆದರೆ ಲಂಡನ್ನಿನಲ್ಲಿ ಎಂಟು ಜನ ಹಿಡಿಸುವ ಬಾಡಿಗೆ ಮನೆಯೆಂದರೆ ಕಟ್ಟಲು ಕೂಡಿಟ್ಟ ದುಡ್ಡಿಗೇ ಕೈ ಹಾಕಿದ ಹಾಗೆ. ಮನೆಯ ಹಿಂದೆ ತೋಟವಿತ್ತು. ಅಲ್ಲೇ ಏನಾದರೂ ಎಬ್ಬಿಸಿಕೊಂಡರಾಯಿತು ಎಂದುಕೊಂಡರು.

ಹಿತ್ತಲ ಮನೆಗೆ ಆಯಸ್ಸು ಒಂದೆರಡು ವರ್ಷ, ಅಷ್ಟೆ. ದೊಡ್ಡ ಮನೆ ಮುಗಿದ ಮೇಲೆ ಇದನ್ನು ಬಿಚ್ಚಬೇಕು, ಬಿಚ್ಚಿದ ಸಾಮಾನನ್ನು ಮಾರಬೇಕು, ಇಲ್ಲವೇ ಇನ್ನೆಲ್ಲಾದರೂ ಬಳಸಬೇಕು. ಕಟ್ಟುವ ಮೊದಲೇ ಬಿಚ್ಚುವ ಯೋಚನೆ ಬಂದದ್ದರಿಂದ ಸೀಗಲ್ ತಮಗೆ ತಾವೇ ಕೆಲವು ಕಟ್ಟಳೆ ಹಾಕಿಕೊಂಡರು. ಅಂಗಡಿಯಿಂದ ಬಂದ ಹಲಗೆಯನ್ನು ಕತ್ತರಿಸಬಾರದು, ಕತ್ತರಿಸಿದ ಹಲಗೆಯನ್ನು ಮತ್ತೆ ಕೊಳ್ಳುವವರು ಯಾರು? ಅಂಟು ಬಳಿದು, ಗಾರೆ ಮೆತ್ತಿ ಏನನ್ನೂ ಕೂಡಿಸಬಾರದು. ಒಮ್ಮೆ ಕಲ್ಲಾದ ಗಾರೆಯನ್ನು ಒಡೆಯಬಹುದೇ ಹೊರತು ಬಿಚ್ಚಲಾಗುವುದಿಲ್ಲ. ಹಾಗಾಗಿ ಇಟ್ಟಿಗೆಯೂ ಬೇಡ, ಗಿಲಾವೂ ಬೇಡ. ತಾತ್ಕಾಲಿಕ ಮನೆಗೆ ಪಾಯ ತೋಡುವುದಂತೂ ಶುದ್ಧ ದಂಡ. ಕಾಲುದಾರಿಗೆ ಹಾಸುವ ಕಾಂಕ್ರೀಟ್ ಚಪ್ಪಡಿಗಳನ್ನು ನೆಲದ ಮೇಲಿಟ್ಟು ಅವುಗಳ ಮೇಲೆ ಮರದ ಕಂಬ ನಿಲ್ಲಿಸಿದರು. ಕಂಬಕ್ಕೆ ತೊಲೆಯನ್ನು ಬೋಲ್ಟು ಹಾಕಿ ಬಿಗಿದರು. ಗೋಡೆಗೆ ಬಂದ ಹಲಗೆಗಳು ಮಾರುಕಟ್ಟೆಯಲ್ಲಿ ಯಾವ ಅಳತೆಯಲ್ಲಿ ಸಿಗುತ್ತಿದ್ದವೋ ಅದೇ ಅಳತೆಯಲ್ಲಿ ಕೂತವು.

ಎರಡು ವಾರದಲ್ಲಿ ಮನೆ ಎದ್ದಿತು. ಖರ್ಚು ಸುಮಾರು 800 ಪೌಂಡ್.

ಮುಂದೆ ದೊಡ್ಡ ಮನೆಯೂ ಮುಗಿಯಿತು. ಆದರೆ ನೋಡಲು ಬಂದವರು ಅದನ್ನು ದಾಟಿ ಹಿತ್ತಲಿಗೆ ಹೋಗಿ ನಿಲ್ಲುತ್ತಿದ್ದರು. ಇದು ಹೇಗೆ ಕಟ್ಟಿದ್ದು, ಎಷ್ಟಾಯಿತು, ನಮಗೂ ಒಂದು ಮಾಡಿಕೊಡುತ್ತೀರಾ? ಸೀಗಲ್‌ಗೆ ಆಗ ಐವತ್ತೈದು ದಾಟಿತ್ತು. ಸಹಾಯಕರಿಲ್ಲದೆ ಮನೆಯಲ್ಲೇ ಕೂತು ಒಬ್ಬರೇ ನಕ್ಷೆ ಬರೆಯುತ್ತಿದ್ದ, ವೃತ್ತಿ ವಲಯದ ಒಳಗೆ ಗೌರವವಿದ್ದರೂ ಹೊರಗೆ ಹೆಚ್ಚೇನೂ ಹೆಸರಿಲ್ಲದ ವಾಸ್ತುಶಿಲ್ಪಿ. ಮುಂದಿನ ಇಪ್ಪತ್ತು ವರ್ಷ ಅವರನ್ನು ದುಡಿಸಿಕೊಂಡದ್ದು ಈ ಹಿತ್ತಲ ಮನೆಯೇ. ಅದನ್ನು ಬಿಚ್ಚುವ ದಿನ ಬರಲೇ ಇಲ್ಲ. ದಶಕಗಳು ಕಳೆದರೂ ಅದು ಅಲ್ಲೇ ನಿಂತಿತ್ತು.

ಕಾರ್ಖಾನೆಯಲ್ಲಿ ಮನೆ ತಯಾರಿಸಿ ತಂದು ಜೋಡಿಸುವ ಕನಸು ಆ ಹೊತ್ತಿಗೆ ಹಳೆಯದಾಗಿತ್ತು, ಅದಕ್ಕೆ ಸುರಿದ ಹಣ ಅಷ್ಟಿಷ್ಟಲ್ಲ. ಬೌಹೌಸ್ ಎಂಬ ವಿನ್ಯಾಸಶಾಲೆ ಕಟ್ಟಿದ ವಾಲ್ಟರ್ ಗ್ರೋಪಿಯಸ್ ಅಮೆರಿಕಕ್ಕೆ ಹೋದ ಮೇಲೆ ಕಾನ್ರಾಡ್ ವಾಕ್ಸ್‌ಮನ್ ಜೊತೆ ಸೇರಿ ಅಂಥದೊಂದು ಮನೆಗೆ ಕೈ ಹಾಕಿದರು. ವಾಕ್ಸ್‌ಮನ್ ಸಾಮಾನ್ಯರಲ್ಲ. ಬರ್ಲಿನ್ ಹತ್ತಿರದ ಕಾಪುತ್‌ನಲ್ಲಿ ಐನ್‌ಸ್ಟೈನ್‌ಗೆ ಮರದ ಬೇಸಿಗೆ ಮನೆ ಕಟ್ಟಿಕೊಟ್ಟವರು. ಗೋಡೆ, ನೆಲ, ಸೂರು ಎಲ್ಲಕ್ಕೂ ಒಂದೇ ಬಗೆಯ ಲೋಹದ ಕೊಂಡಿ, ಸುತ್ತಿಗೆಯ ಒಂದು ಏಟಿಗೆ ಕೂತುಕೊಳ್ಳುವ ಪರಿಪೂರ್ಣ ಕೀಲು, ಇದು ಅವರ ಗೀಳು. 1942ರಲ್ಲಿ ಕಂಪನಿ ಹುಟ್ಟಿತು. ಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 10,000 ಮನೆ ತಯಾರಿಸುವ ಲೆಕ್ಕದ ಕಾರ್ಖಾನೆಯೂ ಎದ್ದಿತು. ಕೊನೆಗೆ ಹೊರಬಂದ ಮನೆಗಳು ಇನ್ನೂರನ್ನೂ ಮುಟ್ಟಲಿಲ್ಲ. ಕೀಲನ್ನು ಇನ್ನಷ್ಟು ತಿದ್ದುವುದರಲ್ಲೇ ವರ್ಷಗಳು ಹೋದವು, ಅಷ್ಟರಲ್ಲಿ ಗಿರಾಕಿ ಬೇರೆ ಕಡೆ ಮನೆ ಕೊಂಡಾಗಿತ್ತು.

ಬ್ರಿಟನ್ನಿನ ಕತೆ ಇನ್ನೊಂದು ಬಗೆ. ಬಾಂಬು ಬಿದ್ದು ಮನೆ ಕಳೆದುಕೊಂಡವರಿಗಾಗಿ ಸರ್ಕಾರ 1944ರಲ್ಲಿ ಕಾಯ್ದೆ ಮಾಡಿ ಒಂದೂವರೆ ಲಕ್ಷಕ್ಕೂ ಹೆಚ್ಚು ತಾತ್ಕಾಲಿಕ ಮನೆಗಳನ್ನು ಕಾರ್ಖಾನೆಗಳಿಂದ ತರಿಸಿ ನಿಲ್ಲಿಸಿತು. ವಿಮಾನ ಮಾಡುತ್ತಿದ್ದ ಕಾರ್ಖಾನೆಗಳು ಅಲ್ಯೂಮಿನಿಯಂ ಮನೆ ಮಾಡಿದವು. ನಾಲ್ಕು ತುಂಡುಗಳಾಗಿ ಲಾರಿಯಲ್ಲಿ ಬಂದ ಮನೆಯೊಳಗೆ ನಲ್ಲಿ, ಕೊಳವೆ ಎಲ್ಲ ಕೂತಾಗಿರುತ್ತಿತ್ತು. ಜನಕ್ಕೆ ಅವು ಇಷ್ಟವೇ ಆದವು. ಒಳಗೇ ಬಚ್ಚಲು, ಅಡುಗೆಮನೆಯಲ್ಲಿ ಕಪಾಟು, ಹೊರಗೊಂದು ಪುಟ್ಟ ತೋಟ. ಹತ್ತು ಹದಿನೈದು ವರ್ಷಕ್ಕೆಂದು ಬಂದವು ಎಷ್ಟೋ ಪಾಲು ಹೆಚ್ಚು ಕಾಲ ಬಾಳಿದವು. ದಕ್ಷಿಣ ಲಂಡನ್ನಿನ ಲೂಯಿಷಮ್ ಆಡಳಿತಕ್ಕೆ ಸೇರಿದ ಕ್ಯಾಟ್‌ಫರ್ಡ್‌ನಲ್ಲಿ ಅಂಥದೊಂದು ದೊಡ್ಡ ಬಡಾವಣೆ ಈ ಶತಮಾನದವರೆಗೂ ಉಳಿದಿತ್ತು. ಲೂಯಿಷಮ್ ಹೆಸರು ಮುಂದೆ ಮತ್ತೆ ಬರುತ್ತದೆ.

ಆಮೇಲೆ ಬಂದದ್ದು ಕಾಂಕ್ರೀಟ್. ಕಾರ್ಖಾನೆಯಲ್ಲಿ ಎರಕ ಹೊಯ್ದ ಗೋಡೆಗಳನ್ನು ಕ್ರೇನಿನಿಂದ ಒಂದರ ಮೇಲೊಂದು ಪೇರಿಸಿ ಗೋಪುರ ಎಬ್ಬಿಸುವ ವಿದ್ಯೆ. 1968ರ ಮೇ 16ರ ಬೆಳಗಿನ ಜಾವ ಪೂರ್ವ ಲಂಡನ್ನಿನ ರೊನಾನ್ ಪಾಯಿಂಟ್ ಎಂಬ 22 ಮಹಡಿಯ ಹೊಸ ಕಟ್ಟಡದಲ್ಲಿ, ಚಹಾಕ್ಕೆಂದು ಒಲೆ ಹಚ್ಚಿದಾಗ ಅನಿಲ ಸ್ಫೋಟಿಸಿತು. ಗೋಡೆಯ ಒಂದು ಹಲಗೆ ಹಾರಿಹೋದದ್ದೇ ತಡ, ಮೇಲಿನ ಮನೆಗಳ ಆ ಮೂಲೆ ಪೂರ್ತಿ ಕುಸಿದು ಕೆಳಗಿನವನ್ನೂ ಎಳೆದುಕೊಂಡಿತು. ನಾಲ್ವರು ಸತ್ತರು. ಜೋಡಿಸಿ ಕಟ್ಟುವ ಮನೆ ಎಂದರೆ ಬ್ರಿಟಿಷರು ಮೂಗು ಮುರಿಯತೊಡಗಿದರು.

ಕಾರ್ಖಾನೆಯ ಮನೆಯ ಕನಸು ಕಂಡ ಇವರೆಲ್ಲ ಮನೆಯ ಭಾಗಗಳನ್ನು ಹೊಸದಾಗಿ ತಯಾರಿಸಬೇಕು ಎಂದುಕೊಂಡವರು. ಅದಕ್ಕೆ ಕಾರ್ಖಾನೆ ಬೇಕು, ಕಾರ್ಖಾನೆಗೆ ಬಂಡವಾಳ, ಬಂಡವಾಳ ಮರಳಲು ಸಾವಿರಾರು ಗಿರಾಕಿಗಳು. ಸೀಗಲ್ ಮೊದಲು ಕಂಡುಕೊಂಡದ್ದು ಆ ಭಾಗಗಳು ಆಗಲೇ ತಯಾರಾಗಿ ಅಂಗಡಿಯಲ್ಲಿ ಕೂತಿವೆ ಎಂಬುದನ್ನು. ಜಿಪ್ಸಂ ಹಲಗೆ, ಮರದ ಎಳೆಗಳನ್ನು ಸಿಮೆಂಟಿನಲ್ಲಿ ಕಲಸಿ ಒತ್ತಿದ ವುಡ್‌ವುಲ್ ಹಲಗೆ, ಹೊರಮೈಗೆ ಹಾಕುವ ಗಟ್ಟಿ ಶೀಟು, ಇವೆಲ್ಲ ಕಾರ್ಖಾನೆಯ ಸರಕೇ. ಪೂರ್ವನಿರ್ಮಿತ ಮನೆ ಬೇಕೆಂದು ಕೇಳುವವರು ಅದನ್ನು ಕಾಣದೆ ಹೋಗಿದ್ದರು, ಯಾಕೆಂದರೆ ಕಟ್ಟಡಕ್ಕೆ ಬಂದ ಕೂಡಲೇ ಕೆಲಸಗಾರ ಅದನ್ನು ಕತ್ತರಿಸುತ್ತಾನೆ. ವಾಸ್ತುಶಿಲ್ಪಿ ತನ್ನ ಕಾಗದದ ಮೇಲೆ ತನಗೆ ತೋಚಿದ ಅಳತೆ ಬರೆಯುತ್ತಾನೆ, ಹಲಗೆ ಆ ಅಳತೆಗೆ ಬಗ್ಗಬೇಕು. ನಮ್ಮ ಊರುಗಳಲ್ಲೂ ಪ್ಲೈವುಡ್ ಸಾಮಾನ್ಯವಾಗಿ ಎಂಟಕ್ಕೆ ನಾಲ್ಕು ಅಡಿಯಲ್ಲಿ ಬರುತ್ತದೆ. ಕಪಾಟು ಮುಗಿದ ದಿನ ಮನೆಯ ಮೂಲೆಯಲ್ಲಿ ಬೀಳುವ ಗೇಣಗಲದ ತುಂಡುಗಳ ರಾಶಿ ಯಾರ ದುಡ್ಡು ಎಂದು ಯಾರೂ ಕೇಳುವುದಿಲ್ಲ. ಸೀಗಲ್ ನಕ್ಷೆಯನ್ನೇ ಹಲಗೆಯ ಅಳತೆಗೆ ಬಗ್ಗಿಸಿದರು.

ಹೇಗೆಂದು ಸ್ವಲ್ಪ ವಿವರವಾಗಿಯೇ ನೋಡಬೇಕು, ಕತೆಯ ತಿರುಳು ಇರುವುದು ಇಲ್ಲೇ. ಹಲಗೆಯ ಅಗಲ ಎರಡು ಅಡಿ. ಎರಡು ಗೋಡೆ ಸೇರುವಲ್ಲಿ ಗೋಡೆಯ ದಪ್ಪಕ್ಕೆ, ಕಂಬಕ್ಕೆ ಜಾಗ ಬೇಕು. ಸಾಮಾನ್ಯ ಚೌಕಳಿ ಕಾಗದದ ಮೇಲೆ ನಕ್ಷೆ ಬರೆದರೆ ಈ ದಪ್ಪ ಎಲ್ಲಿಂದಲೋ ಕಚ್ಚಿಕೊಳ್ಳುತ್ತದೆ, ಮೂಲೆಗೆ ಬಂದಾಗ ಹಲಗೆ ಎರಡು ಅಂಗುಲ ಉದ್ದವಾಗುತ್ತದೆ, ಗರಗಸ ಹೊರಬರುತ್ತದೆ. ಸೀಗಲ್ ತಮ್ಮ ಚೌಕಳಿಯಲ್ಲಿ ಎರಡು ಅಡಿಯ ಚೌಕ, ಆಮೇಲೆ ಎರಡು ಅಂಗುಲದ ಪಟ್ಟಿ, ಮತ್ತೆ ಎರಡು ಅಡಿ, ಮತ್ತೆ ಎರಡು ಅಂಗುಲ ಎಂದು ಎರಡೂ ದಿಕ್ಕಿಗೆ ಗೆರೆ ಎಳೆದರು. ನೋಡಲು ಚೌಕಳಿ ಲುಂಗಿಯ ಹಾಗೆ, ಅಗಲ ಚೌಕಗಳ ನಡುವೆ ಸಣ್ಣ ಪಟ್ಟೆ. ಗೋಡೆ, ಕಂಬ, ಬಾಗಿಲಿನ ಚೌಕಟ್ಟು ಎಲ್ಲ ಆ ಸಣ್ಣ ಪಟ್ಟೆಯೊಳಗೆ ಬರಬೇಕು. ಹಲಗೆಗೆ ಇಡೀ ಎರಡು ಅಡಿ ಮೀಸಲು. ಎಲ್ಲೇ ಹೋದರೂ, ಎತ್ತಲೇ ತಿರುಗಿದರೂ, ಹಲಗೆ ಕತ್ತರಿಸದೆ ಕೂತುಕೊಳ್ಳುತ್ತದೆ.

ಗೋಡೆಯೆಂದರೆ ಮೂರು ಹಾಳೆ. ಒಳಗೆ ಜಿಪ್ಸಂ, ನಡುವೆ ವುಡ್‌ವುಲ್, ಹೊರಗೆ ಗಟ್ಟಿ ಶೀಟು. ಮೂರನ್ನೂ ಒತ್ತಿ ನಿಲ್ಲಿಸಿ, ಹಲಗೆ ಸೇರುವ ಸಂದಿಯ ಒಳಗೊಂದು ಹೊರಗೊಂದು ಮರದ ಪಟ್ಟಿ ಇಟ್ಟು, ನಡುವೆ ಬೋಲ್ಟು ತೂರಿಸಿ ಬಿಗಿಯುವುದು. ಹಲಗೆಗೆ ತೂತು ಬೀಳುವುದಿಲ್ಲ, ಬೋಲ್ಟು ಹೋಗುವುದು ಸಂದಿಯಲ್ಲಿ. ಬಿಚ್ಚಬೇಕೆ, ಸ್ಪ್ಯಾನರ್ ತಿರುಗಿಸಿ. ಸೂರಿನ ಭಾರವನ್ನೆಲ್ಲ ಕಂಬ ತೊಲೆಗಳು ಹೊರುವುದರಿಂದ ಗೋಡೆಗೆ ಹೊರುವ ಕೆಲಸವಿಲ್ಲ. ಇವತ್ತು ಇಲ್ಲಿರುವ ಗೋಡೆಯನ್ನು ಮುಂದಿನ ವರ್ಷ ಎರಡು ಅಡಿ ಆಚೆ ಸರಿಸಿದರೂ ಮನೆ ಅಲುಗದು. ಕಿಟಕಿಗೂ ಬಡಗಿಯ ನಾಜೂಕು ಬೇಡ. ತೋಡು ಕೊರೆದ ಪಟ್ಟಿಯೊಳಗೆ ಗಾಜಿನ ಹಾಳೆ ಸರಿದಾಡುತ್ತದೆ.

ಸೂರು ಮಾತ್ರ ಇಂಗ್ಲೆಂಡಿನ ವೃತ್ತಿಪರರನ್ನು ಗಾಬರಿಗೊಳಿಸಿತು. ಅಷ್ಟು ಮಳೆಯ ದೇಶದಲ್ಲಿ ಚಪ್ಪಟೆ ಸೂರು! ಸಾಮಾನ್ಯವಾಗಿ ಚಪ್ಪಟೆ ಸೂರಿನ ಮೇಲೆ ತಾರುಹಾಳೆಯನ್ನು ಕಾಯಿಸಿದ ತಾರಿನಿಂದ ಅಂಟಿಸುತ್ತಾರೆ. ಬಿಸಿಲಿಗೆ ಮರ ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಅಂಟಿದ ಹಾಳೆ ಅದರ ಜೊತೆ ಎಳೆದಾಡಿ ಸೀಳುತ್ತದೆ. ಸೀಗಲ್ ಹಾಳೆಯನ್ನು ಅಂಟಿಸಲೇ ಇಲ್ಲ. ಪದರ ಪದರವಾಗಿ ಸುಮ್ಮನೆ ಹಾಸಿ, ಗಾಳಿಗೆ ಹಾರದಂತೆ ಮೇಲೆ ಸಣ್ಣ ಕಲ್ಲು ಹರವಿದರು. ಕೆಳಗೆ ಮರ ತನ್ನ ಪಾಡಿಗೆ ಹಿಗ್ಗಲಿ ಕುಗ್ಗಲಿ, ಹಾಳೆಗೆ ಅದರ ಗೊಡವೆಯಿಲ್ಲ. ಮೇಲೆ ಒಂದಿಷ್ಟು ನೀರು ನಿಂತರೂ ಒಳ್ಳೆಯದೇ, ಹಾಳೆ ಬಿಸಿಲಿಗೆ ಸುಡುವುದಿಲ್ಲ ಎಂಬುದು ಅವರ ವಾದ. ನೀರು ನಿಲ್ಲಬಾರದೆಂದೇ ಸೂರು ಕಟ್ಟುವ ಜಗತ್ತಿಗೆ ಇದು ತಲೆಕೆಳಗಿನ ಮಾತು. ಇಡೀ ವಿಧಾನದಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾದ ಭಾಗ ಇದೇ. ಅಂಟು ಬೇಡ ಎಂದದ್ದು ಬಿಚ್ಚಿ ಮಾರುವ ಲೆಕ್ಕಕ್ಕೆ, ಅದರಿಂದ ಸೂರಿಗೆ ಆಯಸ್ಸು ಬಂತು.

ಹೀಗೆ ಮರದ ಹಗುರ ಮನೆಯತ್ತ ಸೀಗಲ್ ಕೈ ಹೋಗಲು ಹಿಂದಿನ ಋಣವೂ ಇತ್ತು. 1907ರಲ್ಲಿ ಹುಟ್ಟಿದ ಅವರು ರುಮೇನಿಯದ ಯಹೂದಿ ಚಿತ್ರಕಾರ ಆರ್ಥರ್ ಸೀಗಲ್ ಅವರ ಮಗ. ಮೊದಲ ಮಹಾಯುದ್ಧದ ಹೊತ್ತಿಗೆ ಕುಟುಂಬ ಸ್ವಿಟ್ಜರ್ಲೆಂಡಿನ ಅಸ್ಕೋನಾಕ್ಕೆ ಬಂತು. ಅಲ್ಲಿನ ಮೊಂತೆ ವೆರಿತಾ ಎಂಬ ಗುಡ್ಡದ ಮೇಲೆ ಸಸ್ಯಾಹಾರಿಗಳು, ಅರಾಜಕತಾವಾದಿಗಳು, ನರ್ತಕರು, ಬಟ್ಟೆಯ ಹಂಗೂ ಬೇಡವೆಂದವರು ಸೇರಿ ಹೂಡಿದ ವಸಾಹತಿತ್ತು. ಬೆಳಕು ಗಾಳಿ ಆಡುವ ಮರದ ಗುಡಿಸಲುಗಳು ಅಲ್ಲಿನ ಹೆಗ್ಗುರುತು. ಹುಡುಗ ಬೆಳೆದದ್ದು ಅವುಗಳ ನಡುವೆ. ಬರ್ಲಿನ್ನಿನಲ್ಲಿ ಓದಿ ಬಂದು 1932ರಲ್ಲಿ ಅಸ್ಕೋನಾದಲ್ಲೇ ಕಟ್ಟಿದ ಮೊದಲ ಮನೆ, ಕಾಸಾ ಪಿಕ್ಕೊಲಾ, ಮರದ್ದೇ. ಹಿಟ್ಲರನ ಕಾಲ ಬಂತು, 1936ರಲ್ಲಿ ಲಂಡನ್ ಸೇರಿದರು. ಅಲ್ಲಿಂದ ಹೈಗೇಟ್ ಹಿತ್ತಲಿನವರೆಗೆ ಕಟ್ಟಿದ್ದೆಲ್ಲ ಹೆಚ್ಚಾಗಿ ಇಟ್ಟಿಗೆಯ, ಎಲ್ಲರೂ ಕಟ್ಟುವಂಥ ಮನೆಗಳು.

ಹಿತ್ತಲ ಮನೆ ನೋಡಿ ಕೇಳಿದವರಿಗೆ ಸೀಗಲ್ ಒಂದೊಂದಾಗಿ ಮನೆ ಮಾಡಿಕೊಟ್ಟರು. ಫ್ರೆಡ್ ವೇಡ್ ಎಂಬ ಬಡಗಿ ಈ ವಿಧಾನವನ್ನು ಕರಗತ ಮಾಡಿಕೊಂಡು, ಉಪಕರಣದ ಚೀಲ ಹೊತ್ತು ಊರಿಂದ ಊರಿಗೆ ಹೋಗಿ ಒಬ್ಬರೇ ಎನ್ನುವಷ್ಟರಮಟ್ಟಿಗೆ ಈ ಮನೆಗಳನ್ನು ನಿಲ್ಲಿಸುತ್ತಿದ್ದರು. ಮೇಸ್ತ್ರಿ, ಗಾರೆಯವರು, ಗಿಲಾವಿನವರು, ಅವರ ನಡುವಿನ ತಕರಾರು, ಒಬ್ಬರಿಗಾಗಿ ಇನ್ನೊಬ್ಬರು ಕಾಯುವುದು ಯಾವುದೂ ಇಲ್ಲ. ಗುತ್ತಿಗೆದಾರರೂ ಬೇಕಿಲ್ಲ. ಸೀಗಲ್ ಕೊಡುತ್ತಿದ್ದದ್ದು ಸಣ್ಣ ಕಾಗದದ ಮೇಲೆ ಕೈಯಲ್ಲೇ ಗೀಚಿದ ನಕ್ಷೆಗಳು, ಜೊತೆಗೊಂದು ಪಟ್ಟಿ. ಯಾವ ಅಳತೆಯ ಮರ ಎಷ್ಟು, ಹಲಗೆ ಎಷ್ಟು, ಬೋಲ್ಟು ಎಷ್ಟು, ತಿರುಪು ಎಷ್ಟು ಎಂದು ಕೊನೆಯ ಸಾಮಾನಿನವರೆಗೂ ಲೆಕ್ಕ. ಪಟ್ಟಿ ಹಿಡಿದು ಅಂಗಡಿಗೆ ಹೋದರೆ ಮನೆಯ ಖರ್ಚು ಅಲ್ಲೇ ಗೊತ್ತಾಗುತ್ತಿತ್ತು. ಮನೆ ಕಟ್ಟಿದವರಿಗೆಲ್ಲ ಗೊತ್ತು, ಬಜೆಟ್ಟು ಹರಿಯುವುದು ದೊಡ್ಡ ಬಾಬತ್ತುಗಳಲ್ಲಲ್ಲ, ಪಟ್ಟಿಗೇ ಬರದ ಚಿಲ್ಲರೆಯಲ್ಲಿ.

ಎರಡನೆಯ ಸಂಗತಿ ಪತ್ತೆಯಾದದ್ದು ಈ ಹಂತದಲ್ಲಿ, ಅದೂ ಹುಡುಕದೆಯೇ. ಕೈಯಲ್ಲಿ ಕಾಸು ಕಡಿಮೆಯಿದ್ದ ಗಿರಾಕಿಗಳು ಬಡಗಿಯ ಕೆಲಸ ನೋಡುತ್ತ ನಿಂತವರು, ಇಷ್ಟೇ ತಾನೆ ಎಂದು ತಾವೇ ಸ್ಪ್ಯಾನರ್ ಹಿಡಿದರು. ಮೊದಲು ಒಳಗೋಡೆ, ಆಮೇಲೆ ಹೊರಗೋಡೆ, ಆಮೇಲೆ ಮನೆಯೇ. ಇಟ್ಟಿಗೆ ಕಟ್ಟಲು ವರ್ಷಗಳ ಕೈಚಳಕ ಬೇಕು, ಗಿಲಾವಿಗೆ ಇನ್ನೂ ಹೆಚ್ಚು. ಇಲ್ಲಿ ಬೇಕಾದದ್ದು ಮರವನ್ನು ನೇರವಾಗಿ ಕೊಯ್ಯುವುದು, ನೆಟ್ಟಗೆ ತೂತು ಕೊರೆಯುವುದು, ರಸಮಟ್ಟ ನೋಡುವುದು. ತಪ್ಪಾದರೆ ಬಿಚ್ಚಿ ಮತ್ತೆ ಬಿಗಿದರಾಯಿತು. ಗಾರೆಯಲ್ಲಿ ಆದ ತಪ್ಪು ಕೆಲವೇ ಗಂಟೆಗಳಲ್ಲಿ ಗಟ್ಟಿಯಾಗಿ ಜೀವಮಾನ ಪೂರ್ತಿ ಅಣಕಿಸುತ್ತದೆ. ಬೋಲ್ಟು ಅಷ್ಟು ನಿಷ್ಠುರಿಯಲ್ಲ.

ಆದರೂ ಇವರೆಲ್ಲ ನಿವೇಶನ ಇದ್ದವರು. ನಿವೇಶನವೂ ಇಲ್ಲದ, ಪಾಲಿಕೆಯ ಬಾಡಿಗೆ ಮನೆಗಾಗಿ ಸರದಿಯಲ್ಲಿ ನಿಂತವರ ಕೈಗೆ ಇದು ಹೋಗಲು ಕಾಲಿನ್ ವಾರ್ಡ್ ಎಂಬ ಬರಹಗಾರ ಬರಬೇಕಾಯಿತು. ವಾರ್ಡ್ ಅರಾಜಕತಾವಾದಿ. ಬಾಂಬು ಎಸೆಯುವ ಜಾತಿಯವರಲ್ಲ, ಜನ ತಮ್ಮ ಮನೆ, ಆಟದ ಬಯಲು, ಕೈತೋಟಗಳನ್ನು ತಾವೇ ಹೇಗೆ ನಡೆಸಿಕೊಳ್ಳುತ್ತಾರೆ ಎಂದು ಹುಡುಕಿ ಬರೆದವರು. ಅವರ ಒಡನಾಟದಿಂದ ಸೀಗಲ್ ವಿಧಾನದ ಸುದ್ದಿ ಲೂಯಿಷಮ್ ಪಾಲಿಕೆಗೆ ಮುಟ್ಟಿತು. ಅಲ್ಲಿ ನಿಕೊಲಸ್ ಟೇಲರ್ ಎಂಬ ಸದಸ್ಯರಿದ್ದರು, ಬ್ರಯನ್ ರಿಚರ್ಡ್‌ಸನ್ ಎಂಬ ಪಾಲಿಕೆಯ ವಾಸ್ತುಶಿಲ್ಪಿ ಇದ್ದರು. ಇಬ್ಬರಿಗೂ ಮಾತು ಹಿಡಿಸಿತು. ಪಾಲಿಕೆಯ ಬಳಿ ಕೆಲವು ಚೂರು ಜಾಗಗಳು ಬಿದ್ದಿದ್ದವು. ಕಡಿದಾದ ಇಳಿಜಾರು, ಮರಗಿಡ, ಮೆದು ಮಣ್ಣು. ದೊಡ್ಡ ಯಂತ್ರ ಇಳಿಸಿ, ತಡೆಗೋಡೆ ಕಟ್ಟಿ, ಮಟ್ಟ ಮಾಡಿ ಮನೆ ಕಟ್ಟಲು ಹೋದರೆ ಲೆಕ್ಕ ಕೂಡುವುದಿಲ್ಲವೆಂದು ಅಧಿಕಾರಿಗಳು ಕೈಬಿಟ್ಟಂಥವು. ಕಂಬದ ಮೇಲೆ ನಿಲ್ಲುವ ಮನೆಗೆ ಇಳಿಜಾರು ಲೆಕ್ಕವೇ ಅಲ್ಲ. ಮೇಲಿನ ಕಂಬ ಗಿಡ್ಡ, ಕೆಳಗಿನ ಕಂಬ ಉದ್ದ, ನಡುವೆ ಮರವಿದ್ದರೆ ಅದನ್ನು ಬಿಟ್ಟು ಮನೆ.

1976ರಲ್ಲಿ ಪ್ರಸ್ತಾವ ಮತಕ್ಕೆ ಬಂತು. ಗೆದ್ದದ್ದು ಒಂದೇ ಒಂದು ಮತದಿಂದ.

ಮನೆ ಬೇಕೆಂದು ಪಾಲಿಕೆಯ ಪಟ್ಟಿಯಲ್ಲಿದ್ದವರನ್ನು ಕರೆದರು. ಆದಾಯ ಇಷ್ಟಿರಬೇಕು, ಕೈಗೆಲಸ ಬರಬೇಕು ಎಂಬ ಷರತ್ತಿಲ್ಲ. ಆಸಕ್ತರು ಹೆಚ್ಚಿದ್ದರಿಂದ ಚೀಟಿ ಎತ್ತಿ 14 ಕುಟುಂಬ ಆರಿಸಿದರು. ಆಮೇಲೆ ಶುರುವಾಯಿತು ಕಡತದ ಓಡಾಟ. ಸರ್ಕಾರದ ನಿಯಮದಲ್ಲಿ ಇಂಥ ಮನೆಗೆ ಖಾನೆಯೇ ಇರಲಿಲ್ಲ. ಸಾಲ ಯಾರು ಕೊಡುವುದು, ಒಡೆತನ ಯಾರದು, ಕಟ್ಟುವವರ ದುಡಿಮೆಗೆ ಬೆಲೆ ಹೇಗೆ ಕಟ್ಟುವುದು? ಎರಡು ವಾರದಲ್ಲಿ ಎದ್ದ ಮನೆಯ ತಮ್ಮಂದಿರು ಕಾಗದದಿಂದ ನೆಲಕ್ಕಿಳಿಯಲು ವರ್ಷಗಳೇ ಹಿಡಿದವು. ಕೊನೆಗೆ ಒಂದಿಷ್ಟು ಪಾಲು ಸ್ವಂತ, ಉಳಿದ ಪಾಲಿಗೆ ಪಾಲಿಕೆಗೆ ಬಾಡಿಗೆ ಎಂಬ ಏರ್ಪಾಡಾಯಿತು. ಕಾಯುವ ಕಾಲ ಪೂರ್ತಿ ದಂಡವಾಗಲಿಲ್ಲ. ಸೀಗಲ್ ಮತ್ತು ಅವರ ಜೊತೆಗೂಡಿದ ತರುಣ ವಾಸ್ತುಶಿಲ್ಪಿ ಜಾನ್ ಬ್ರೂಮ್ ಸಂಜೆ ತರಗತಿ ನಡೆಸಿದರು. ಗರಗಸ ಹಿಡಿಯದವರಿಗೆ ಗರಗಸ, ನಕ್ಷೆ ಓದಲು ಬಾರದವರಿಗೆ ನಕ್ಷೆ. ಕುಟುಂಬಗಳು ಚೌಕಳಿ ಕಾಗದದ ಮೇಲೆ ತಮ್ಮ ಮನೆ ತಾವೇ ಬರೆದುಕೊಂಡವು. ಸೀಗಲ್ ಅದನ್ನು ತಿದ್ದಿ, ಕಂಬ ತೊಲೆಗಳ ಭಾರದ ಲೆಕ್ಕ ಮಾಡಿಸಿ ಕೊಟ್ಟರು.

1979ರಲ್ಲಿ ಕೆಲಸ ಶುರು. ಗಟ್ಟಿ ಮಣ್ಣು ಸಿಗುವವರೆಗೆ ಗುಂಡಿ ತೋಡಿ, ಒಂದೊಂದು ಕಂಬಕ್ಕೂ ಕಾಂಕ್ರೀಟಿನ ದಿಂಡು ಇಟ್ಟರು. ಕಂಬ ತೊಲೆಗಳ ಚೌಕಟ್ಟನ್ನು ನೆಲದ ಮೇಲೆ ಮಲಗಿಸಿ ಬೋಲ್ಟು ಬಿಗಿದು, ಅಕ್ಕಪಕ್ಕದವರನ್ನೆಲ್ಲ ಕೂಗಿ ಕರೆದು ಒಂದೇ ದಿನ ಎತ್ತಿ ನಿಲ್ಲಿಸುವುದು. ಕ್ರೇನ್ ಇಲ್ಲ, ಕೈಗಳೇ. ಅಲ್ಲಿಂದ ಮುಂದಿನದು ಮನೆಯವರ ಪಾಡು. ಹಗಲು ನೌಕರಿ, ಸಂಜೆ ಮತ್ತು ವಾರದ ಕೊನೆ ಮನೆಗೆ. ಹೆಂಗಸರು ಡ್ರಿಲ್ ಹಿಡಿದರು, ಮಕ್ಕಳು ಬೋಲ್ಟು ಎಣಿಸಿದರು.

ಬ್ರಿಟನ್ನಿನಲ್ಲಿ ಜನ ಕೂಡಿ ಮನೆ ಕಟ್ಟುವ ಸಂಘಗಳು ಮೊದಲೂ ಇದ್ದವು. ಅವುಗಳದು ಪಟಾಲಮ್ಮಿನ ಶಿಸ್ತು. ವಾರಕ್ಕೆ ಇಷ್ಟು ಗಂಟೆ ದುಡಿಯಲೇಬೇಕು, ತಪ್ಪಿದರೆ ದಂಡ. ಗಾರೆಯವರೋ ಬಡಗಿಯೋ ಆಗಿದ್ದರೆ ಸದಸ್ಯತ್ವ ಸುಲಭ. ಸೀಗಲ್ ಅಂಥ ನಿಯಮ ಬೇಡವೆಂದರು. ನಿಮ್ಮ ಮನೆ ನೀವು ಕಟ್ಟಿ, ಪಕ್ಕದವರಿಗೆ ಕೈಕೊಡಬೇಕೆನಿಸಿದರೆ ಕೊಡಿ, ಅಷ್ಟೆ. ಜನರ ಮೇಲೆ ಹಿಡಿತ ಕಡಿಮೆ ಮಾಡಿದಷ್ಟೂ ಅವರ ಒಳ್ಳೆಯತನ ಹೊರಗೆ ಬಂತು ಎಂದು ಅವರೇ ಆಮೇಲೆ ಬೆರಗಿನಿಂದ ಹೇಳಿಕೊಂಡದ್ದುಂಟು. ಅವರಿಗೆ ಇನ್ನೊಂದು ಬೆರಗೂ ಕಾದಿತ್ತು. ಕೊಟ್ಟದ್ದು ಒಂದೇ ವಿಧಾನ, ಒಂದೇ ಅಳತೆಯ ಹಲಗೆ. ಆದರೆ ಎರಡು ಮನೆ ಒಂದರಂತೆ ಇನ್ನೊಂದು ಬರಲಿಲ್ಲ. ಒಬ್ಬರು ಕಿಟಕಿಯನ್ನು ಮೂಲೆಗೆ ಒಯ್ದರು, ಇನ್ನೊಬ್ಬರು ಕಟ್ಟುತ್ತ ಕಟ್ಟುತ್ತಲೇ ಗೋಡೆಯ ಜಾಗ ಬದಲಿಸಿದರು. ಪಾಲಿಕೆಯ ಮನೆಯಲ್ಲಿ ಬಾಗಿಲ ಬಣ್ಣಕ್ಕೂ ಅರ್ಜಿ ಹಾಕಬೇಕಾಗಿದ್ದವರು ಇವರು. ನಿಯಮಗಳಿಲ್ಲದೆಯೂ ಮನೆ ಮುಗಿಯುತ್ತದೆ ಎಂಬುದು ಮೂರನೆಯ ಪತ್ತೆ. ಎಂಜಿನಿಯರುಗಳು ಇದನ್ನು ಆವಿಷ್ಕಾರದ ಲೆಕ್ಕಕ್ಕೆ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ, ಹಲಗೆಯ ಅಳತೆ ಕಂಡುಹಿಡಿದದ್ದಕ್ಕಿಂತ ಒಂದು ಮೆಟ್ಟಿಲು ಮೇಲೆಯೇ ಇಡುತ್ತೇನೆ.

ಮೊದಲ ಮನೆಗಳಲ್ಲಿ ಏಳು ನಿಂತಿರುವ ಬೀದಿಗೆ ಸೀಗಲ್ ಕ್ಲೋಸ್ ಎಂದು ಹೆಸರಾಯಿತು. ಎರಡನೆಯ ಹಂತದಲ್ಲಿ 13 ಮನೆ, ಹಾನರ್ ಓಕ್ ಪಾರ್ಕ್ ಬಳಿಯ ಇಳಿಜಾರಿನಲ್ಲಿ. ಆ ಕೆಲಸ ನಡೆದಿರುವಾಗಲೇ, 1985ರ ಅಕ್ಟೋಬರಿನಲ್ಲಿ, ಸೀಗಲ್ ತೀರಿಕೊಂಡರು. ಈ ಎರಡನೆಯ ಬೀದಿ 1987ರಲ್ಲಿ ಮುಗಿಯಿತು. ಅಲ್ಲಿನವರು ಅದಕ್ಕೆ ವಾಲ್ಟರ್ಸ್ ವೇ ಎಂದು ಹೆಸರಿಟ್ಟರು.

ವಿಧಾನದಲ್ಲಿ ಕೊರತೆ ಇರಲಿಲ್ಲವೆಂದಲ್ಲ. ಹೊರಮೈಗೆ ಬಳಸಿದ ಶೀಟುಗಳಲ್ಲಿ ಕಲ್ನಾರು ಇತ್ತು, ಆ ಕಾಲದ ಕಟ್ಟಡಗಳಲ್ಲೆಲ್ಲ ಇದ್ದ ಹಾಗೆ. ಈಗ ಅದನ್ನು ಎಚ್ಚರದಿಂದ ತೆಗೆಯಬೇಕು. ಗೋಡೆ ತೆಳುವಾದ್ದರಿಂದ ಚಳಿಗಾಲದಲ್ಲಿ ಕಾವು ನಿಲ್ಲದು, ಕಂಬದ ಮೇಲಿನ ನೆಲದ ಕೆಳಗೆ ಗಾಳಿ ಸುಳಿಯುತ್ತದೆ. ಇಂದಿನ ಇಂಧನ ನಿಯಮಗಳಿಗೆ ಆ ಮೂರು ಹಾಳೆಯ ಗೋಡೆ ಎಲ್ಲಿಯೂ ಸಾಲದು. ಆದರೆ ಬಿಚ್ಚಬಹುದಾದ ಮನೆಯಾದ್ದರಿಂದ ಮನೆಯವರು ಬಿಚ್ಚಿದರು, ನಡುವೆ ಕಾವು ತಡೆಯುವ ಪದರ ತುಂಬಿ ಮತ್ತೆ ಮುಚ್ಚಿದರು. ಸೂರಿನ ಮೇಲೆ ಸೌರಫಲಕ ಬಂತು, ಪಕ್ಕಕ್ಕೆ ಎರಡು ಅಡಿಯ ಲೆಕ್ಕದಲ್ಲೇ ಇನ್ನೊಂದು ಕೋಣೆ ಬಂತು. ಜಾನ್ ಬ್ರೂಮ್ ಮತ್ತು ಗೆಳೆಯರು ಮುಂದೆ ಇದೇ ವಿಧಾನವನ್ನು ದಪ್ಪ ಗೋಡೆಗೆ, ಹುಲ್ಲು ಹೊದಿಸಿದ ಸೂರಿಗೆ ಒಗ್ಗಿಸಿ ಬ್ರೈಟನ್ ಮುಂತಾದೆಡೆ ಇನ್ನಷ್ಟು ಗುಂಪುಗಳಿಂದ ಕಟ್ಟಿಸಿದರು. ಸೀಗಲ್ ಹೆಸರಿನ ಟ್ರಸ್ಟೂ 1988ರಲ್ಲಿ ಹುಟ್ಟಿತು.

ಇಷ್ಟು ಅಗ್ಗ, ಇಷ್ಟು ಸುಲಭ ಆಗಿದ್ದರೆ ಊರೆಲ್ಲ ಯಾಕೆ ಹಬ್ಬಲಿಲ್ಲ ಎಂದು ಕೇಳಬಹುದು. ಉತ್ತರ ಮನೆಯಲ್ಲಿಲ್ಲ, ಮನೆಯ ಕೆಳಗಿನ ನೆಲದಲ್ಲಿದೆ. ಸೀಗಲ್ ಕಡಿತ ಮಾಡಿದ್ದು ಕಟ್ಟುವ ಖರ್ಚನ್ನು. ಲಂಡನ್ನಿನಲ್ಲಿ ಮನೆಯ ಬೆಲೆಯ ಬಹುಪಾಲು ನಿವೇಶನದ್ದು, ಅದನ್ನು ಯಾವ ಬೋಲ್ಟೂ ಇಳಿಸದು. ಬೆಂಗಳೂರಿನಲ್ಲಿ ಮೂವತ್ತಕ್ಕೆ ನಲವತ್ತರ ಸೈಟಿಗೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೂಯಿಷಮ್ಮಿನಲ್ಲಿ ಯಾರಿಗೂ ಬೇಡದ ಇಳಿಜಾರನ್ನು ಪಾಲಿಕೆ ಕೊಟ್ಟಿತು ಎಂಬಲ್ಲಿಗೆ ಅರ್ಧ ಮನೆ ಕಟ್ಟಿದ ಹಾಗೆಯೇ ಆಗಿತ್ತು. ಬಹಳ ಪಾಲಿಕೆಗಳು ಆ ಅರ್ಧ ಕಟ್ಟಲು ಮುಂದೆ ಬರಲಿಲ್ಲ. ಈ ನಡುವೆ ಮನೆಯವರು ಕ್ರಮೇಣ ಉಳಿದ ಪಾಲನ್ನೂ ಕೊಂಡರು. ಪಟ್ಟಿಯಲ್ಲಿ ಕಾದು ನಿಂತವರಿಗೆಂದು ಎದ್ದ ಮನೆಗಳು ಇವತ್ತು ಮಾರಾಟಕ್ಕೆ ಬಂದರೆ ಅಂಥವರು ಹತ್ತಿರವೂ ಸುಳಿಯಲಾರದ ಬೆಲೆಗೆ ಹೋಗುತ್ತವೆ.

ವಾಲ್ಟರ್ಸ್ ವೇಯಲ್ಲಿ ಬೆಳೆದ ಹುಡುಗರಲ್ಲಿ ಕರೀಮ್ ಡೇಯಸ್ ಒಬ್ಬರು. ಅಪ್ಪ ಅಮ್ಮ ಕಟ್ಟಿದ ಹಾಗೆ ತಮ್ಮ ತಲೆಮಾರಿಗೂ ಕಟ್ಟಲು ಸಾಧ್ಯವೇ ಎಂದು 2009ರಲ್ಲಿ ಗೆಳೆಯರನ್ನು, ಮನೆಯವರನ್ನು ಸೇರಿಸಿ ಒಂದು ಸಂಸ್ಥೆ ಹುಟ್ಟುಹಾಕಿದರು. ಅದೇ ಲೂಯಿಷಮ್ ಪಾಲಿಕೆಯಿಂದ ಚರ್ಚ್ ಗ್ರೋವ್ ಎಂಬಲ್ಲಿ ದೀರ್ಘ ಗುತ್ತಿಗೆಗೆ ಜಾಗ ಪಡೆದು 36 ಮನೆಗಳ ಕಟ್ಟಡಕ್ಕೆ ಕೈ ಹಾಕಿದರು. ನೆಲ ಸಮುದಾಯದ ಟ್ರಸ್ಟಿನ ಕೈಯಲ್ಲೇ ಉಳಿಯುವಂತೆ ಈ ಸಲ ಮೊದಲೇ ಬರೆದುಕೊಂಡರು, ಹಿಂದಿನ ಬೀದಿಯಲ್ಲಿ ಬೆಲೆ ಏರಿದ್ದನ್ನು ಕಂಡವರು ತಾನೆ. ಅಂತಸ್ತಿನ ಮೇಲೆ ಅಂತಸ್ತು ಬರುವ ಕಟ್ಟಡವಾದ್ದರಿಂದ ಮುಖ್ಯ ರಚನೆ ಗುತ್ತಿಗೆದಾರರ ಪಾಲಾಯಿತು. ಒಳಗೋಡೆ, ಅಡುಗೆಕಟ್ಟೆ, ಬಣ್ಣ ಇತ್ಯಾದಿ ನಿವಾಸಿಗಳ ಪಾಲಿಗೆ. ಗುಂಪು ಹುಟ್ಟಿ ಮನೆಗಳು ಏಳುವ ಹೊತ್ತಿಗೆ ಹತ್ತು ವರ್ಷಕ್ಕೂ ಹೆಚ್ಚು ಕಳೆದಿತ್ತು. ಹೆಚ್ಚಿನ ಕಾಲ ಈ ಸಲವೂ ಹೋದದ್ದು ಪರವಾನಗಿಗೆ ಮತ್ತು ಸಾಲಕ್ಕೆ.